ಮಾಣಿಯ ಭರಣಿ

…ಓದಿ ಆಯ್ತಲ್ಲ, ಇನ್ನು ಸಹಿ ಹಾಕು ಮೋಕ್ಷಿತಾ. ಸಂಜೆಯೊಳಗೆ ಸರ್ ಪೇಪರನ್ನು ಜರ್ನಲ್‌ಗೆ ಕಳಿಸ್ತಾರಂತೆ. ಎಂತ, ನಗು ಬರ್ತದಾ? ಹೌದು, ಮೊದಲ ಹೆಸರು ನನ್ನದೇ. ತೃಪ್ತಿ. ಆಮೇಲೆ ನೀನು. ಕೊನೆಗೆ ಶಾಂತಿಪ್ರಸಾದ ಸರ್. ನಾನು ಹೇಳಿ ಬರೆಸಿದ್ದಲ್ಲ ಮಾರಾಯ್ತಿ. ಯಾರ ಮನೆಯ ಭರಣಿಯ ಉಪ್ಪುನೀರಿನಲ್ಲಿ ಒಳ್ಳೆ ಬ್ಯಾಕ್ಟೀರಿಯಾ ಸಿಗ್ತದೋ ಅವರ ಹೆಸರು ಮೊದಲು ಅಂತ ಸರ್ ಶುರುವಿಗೇ ಹೇಳಿದ್ರಲ್ಲ, ನಮ್ಮಿಬ್ಬರ ಎದುರೇ. ನೀನು ಮಾವಿನಕಾಯಿಯದ್ದು ತಂದೆ, ನಾನು ಉಪ್ಪಿಗೆ ಹಾಕಿದ ಹಲಸಿನ ಸೊಳೆಯದ್ದು. ನನ್ನದು ಗೆದ್ದಿತು. ಅಷ್ಟೇ.

ಊಟ ಬಿಟ್ಟು ಯಾಕೆ ಕೂತಿದ್ದಿ? ತಿನ್ನು.

ಬೇಜಾರಾಗ್ತದೆ, ಗೊತ್ತುಂಟು. ನನಗೂ ಆಗಿತ್ತು. ಹೋದ ವರ್ಷದ ಪೇಪರ್ ನೆನಪುಂಟಾ? ಬ್ಯಾಕ್ಟೀರಿಯಾ ಬೆಳೆಸ್ಲಿಕ್ಕೆ ಪ್ಲೇಟ್ ಹಾಕಿದ್ದು ನಾನು. ಭಾನುವಾರವೂ ಬಸ್ಸು ಹಿಡಿದು ಮೂಡುಬಿದಿರೆಗೆ, ಈ ಲ್ಯಾಬಿಗೆ ಬಂದು ಲೆಕ್ಕ ತೆಗೆದದ್ದು ನಾನು. ಹೆಸರು ನಿನ್ನದು. ನನ್ನದು ಕಡೇ ಪುಟದಲ್ಲಿ, ‘ಸಹಕರಿಸಿದವರಿಗೆ ವಂದನೆ’ ಅಂತ, ಅಟೆಂಡರ್ ಧರ್ಣಪ್ಪಣ್ಣನ ಜೊತೆ. ಪಾಪ, ಅವರು ಅದರ ಫೋಟೋ ತೆಗೆದು ಸ್ಟೇಟಸ್ ಹಾಕಿದ್ರು. ನಾನು ನೋಡದ ಹಾಗೆ ಇದ್ದೆ.

ಇಲ್ಲ, ಹೊಟ್ಟೆಕಿಚ್ಚಲ್ಲ. ಎಂತಕ್ಕೆ ಹೊಟ್ಟೆಕಿಚ್ಚು? ನೀನು ಒಳಗೆ ಹೋದ್ರೆ ಸರ್ ಕುರ್ಚಿ ಮೇಲಿನ ಫೈಲ್ ಎತ್ತಿ ಜಾಗ ಮಾಡಿ ಕೊಡ್ತಾರೆ. ನಾನು ಹೋದ್ರೆ ಫೈಲ್ ಅಲ್ಲೇ ಇರ್ತದೆ, ನಾನು ನಿಂತೇ ಮಾತಾಡಿ ಬರ್ತೇನೆ. ನೀನು ಗಮನಿಸಿರ್ಲಿಕ್ಕಿಲ್ಲ. ಕೂತವರಿಗೆ ಅದು ಗೊತ್ತಾಗುವುದೂ ಇಲ್ಲ.

ಈ ಡಬ್ಬಿಯೇ ನೋಡು. ದಿನಾ ಇಬ್ಬರಿಗಾಗುವಷ್ಟು ಕಟ್ಟಿ ಕಳಿಸ್ತಾರೆ ನಿನ್ನಮ್ಮ. ಅಂಥ ಅಮ್ಮ ಇದ್ರೆ ಯಾರಿಗಾದ್ರೂ ನಿನ್ನ ಹಾಗೆ ಫೆಲೋಶಿಪ್ ಸಿಕ್ಕೀತು… ತಮಾಷೆಗೆ ಹೇಳಿದ್ದು. ಕೊಡು ಇಲ್ಲಿ. ಉಪ್ಪುಸೊಳೆ ಪಲ್ಯ ಅಲ್ವಾ? ಮುಚ್ಚಳ ತೆಗೆಯುವಾಗಲೇ ವಾಸನೆ ಬಂತು. ಅಳದಂಗಡಿಯಲ್ಲಿ ನಿಮ್ಮನೆಗೆ ಬಂದಾಗ ನಾಚಿಕೆ ಬಿಟ್ಟು ಮತ್ತೆ ಮತ್ತೆ ಬಡಿಸಿಕೊಂಡದ್ದು ಇದನ್ನೇ. ನಮ್ಮಲ್ಲಿ ಇದೆಲ್ಲ ನಿಂತೇ ಹೋಯ್ತು. ಮೂರು ವರ್ಷದ ಹಿಂದೆ ಹೈವೇ ಅಗಲ ಮಾಡುವಾಗ ನಮ್ಮ ಹಲಸಿನ ಮರ ಹೋಯ್ತಲ್ಲ, ಆಮೇಲೆ ಅಮ್ಮ ಸೊಳೆ ಉಪ್ಪಿಗೆ ಹಾಕಿದ್ದೇ ಇಲ್ಲ. ಭರಣಿಯಲ್ಲಿ ಈಗ ಸೋಪಿನ ಪುಡಿ ತುಂಬಿಸಿ ಇಟ್ಟಿದ್ದಾರೆ.

ಪೆನ್ನು ಬರೆಯುವುದಿಲ್ವಾ? ನನ್ನದು ತಗೋ.

ಎಂತ? ಯಾವ ಸಾಲು? ಓ, ಸ್ಯಾಂಪಲ್ ಎಲ್ಲಿಯದ್ದು ಅಂತ. ಬರೆದಿದ್ದೇನಲ್ಲ. ಬಂಟ್ವಾಳ ತಾಲೂಕು, ಮಾಣಿ, ಲೇಖಕಿಯ ಮನೆಯ ಭರಣಿ. ಹೋದ ಬೇಸಿಗೆಯಲ್ಲಿ ಉಪ್ಪಿಗೆ ಹಾಕಿದ ಸೊಳೆ. ಅಮ್ಮನೇ ಬಾಟ್ಲಿಗೆ ತುಂಬಿಸಿ…

ಪೆನ್ನಿಗೆ ಮುಚ್ಚಳ ಯಾಕೆ ಹಾಕ್ತಿ?

ಮೋಕ್ಷಿತಾ.

ಅಲ್ಲ, ಅದು ಪಕ್ಕದ ಮನೆಯದ್ದು. ರಾಜೀವಿ ಅಕ್ಕ ಕೊಟ್ಟದ್ದು. ನಮ್ಮ ಭರಣಿ ಅಂತ ಸುಮ್ಮನೆ, ಬರೆಯುವಾಗ… ಡಬ್ಬಿಯನ್ನು ಯಾಕೆ ಹಾಗೆ ನೋಡ್ತಿ? ಉಪ್ಪುಸೊಳೆ ಎಲ್ಲರ ಮನೆಯದ್ದೂ ಹೆಚ್ಚುಕಡಿಮೆ ಒಂದೇ. ಡಬ್ಬಿ ಮುಚ್ಚಬೇಡ ಮಾರಾಯ್ತಿ. ಬೈದ್ರೂ ಅಡ್ಡಿಯಿಲ್ಲ.

…ನಿಮ್ಮನೆಗೆ ಬಂದಿದ್ದೆನಲ್ಲ, ನಾನು ಹೊರಡುವಾಗ ನೀನು ಮೀಯ್ಲಿಕ್ಕೆ ಹೋಗಿದ್ದೆ. ನನಗೆ ಬಸ್ಸಿಗೆ ಹೊತ್ತಾಗಿತ್ತು. ನಾನು ಕೇಳಿದ್ದಲ್ಲ, ನಿನ್ನಮ್ಮನೇ ಭರಣಿಯಿಂದ ತೆಗೆದು, ಬಾಟ್ಲಿ ತುಂಬಿಸಿ, ಚೆಲ್ಲದ ಹಾಗೆ ಬಾಯಿಗೆ ಬಟ್ಟೆ ಕಟ್ಟಿ ಕೊಟ್ರು. ‘ಮರ ಹೋದ ಮೇಲೆ ನಿನ್ನಮ್ಮನಿಗೆ ಆಸೆಯಾಗ್ತದೋ ಏನೋ, ಅವರಿಗೆ ಕೊಡು ಮಗಳೇ’ ಅಂದ್ರು.

ಬಾಟ್ಲಿ ನೇರ ಲ್ಯಾಬಿಗೆ ಬಂತು. ಅಮ್ಮನಿಗೆ ಒಂದು ಸೊಳೆಯೂ ಮುಟ್ಟಿಸಲಿಲ್ಲ ನಾನು.