ಏಳನೇ ಸೇತುವೆಯ ಗುಂಪಿನಲ್ಲಿ ನಿಂತವರು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಪತ್ರಿಕೆಯ ಸಹೋದ್ಯೋಗಿಗಳೇ, ಟಿಕೆಟ್ ಇಲ್ಲವೆಂದು ಖಾತ್ರಿಯಾದ ಮೇಲೆ ಧೈರ್ಯವಾಗಿ ಒಳಗೆ ಬಂದಿರುವ ಸಭಿಕರೇ,

ಈ ಫಲಕದ ಮೇಲೆ ‘ಅತ್ಯುತ್ತಮ ಮಾಂಗಾ ಕಥೆಗಾರ’ ಎಂದು ಬರೆಸಿ, ಕೆಳಗೆ ನನ್ನ ಹೆಸರು ಕೆತ್ತಿಸಿದ್ದೀರಿ. ಸನ್ಮಾನದ ದಿನ ಸುಳ್ಳು ಹೇಳಬಾರದು. ‘ಏಳನೇ ಸೇತುವೆ’ ಒಳ್ಳೆಯ ಕಥೆಯಲ್ಲ. ಒಂಬತ್ತು ವರ್ಷ ವಾರವಾರವೂ ಆ ಚಿತ್ರಕಥೆಯನ್ನು ಬರೆದವನೇ ಹೇಳುತ್ತಿದ್ದೇನೆ. ಮಿಕ್ಕ ಆರು ಸೇತುವೆಗಳು ಎಲ್ಲಿವೆ ಎಂದು ಓದುಗರು ಕೇಳುತ್ತಲೇ ಇದ್ದರು. ನನಗೆ ಗೊತ್ತಿದ್ದರೆ ತಾನೇ ಹೇಳುವುದು? ಖಳನಾಯಕ ಎರಡು ಸಲ ಸತ್ತ. ಎರಡನೇ ಸಲ ಸಾಯಿಸುವಾಗ ಮೊದಲನೆಯದು ನನಗೆ ಮರೆತೇ ಹೋಗಿತ್ತು. ನಗಿ, ನಗಿ, ಪರವಾಗಿಲ್ಲ.

ಹಾಗಾದರೆ ಇಂಥ ಕಥೆಯನ್ನು ಜನ ಒಂಬತ್ತು ವರ್ಷ ಯಾಕೆ ಓದಿದರು? ಸೇತುವೆಯ ಕೆಳಗಿದ್ದ ಜನರಿಗಾಗಿ ಓದಿದರು. ಬಟ್ಟೆಯ ಸುಕ್ಕು ನೋಡಿಯೇ ಮನೆಯ ಜಗಳ ಹೇಳುತ್ತಿದ್ದ ಇಸ್ತ್ರಿ ಅಜ್ಜಿ, ರೋಗಿಗಿಂತ ಹೆಚ್ಚು ಹೆದರುತ್ತಿದ್ದ ಹಲ್ಲಿನ ಡಾಕ್ಟರು, ತನಗೇ ಒಂದು ಕಾಗದ ಬರೆದುಕೊಂಡು ತಾನೇ ತಲುಪಿಸಿಕೊಂಡ ಅಂಚೆಯವನು. ಇವರಲ್ಲಿ ಒಬ್ಬರೂ ನನ್ನವರಲ್ಲ. ನಾನು ಬರೆದುಕೊಡುತ್ತಿದ್ದುದು ‘ಒಬ್ಬ ಮುದುಕಿ ಬಾಗಿಲು ತೆಗೆಯುತ್ತಾಳೆ’ ಎಂದಷ್ಟೇ. ಆ ಮುದುಕಿಗೆ ಸೊಂಟನೋವು ಕೊಟ್ಟವಳು, ಗತ್ತು ಕೊಟ್ಟವಳು, ಸುಟ್ಟ ಬೆರಳು ಕೊಟ್ಟವಳು ನಮ್ಮ ಕಲಾವಿದೆ. ಕನ್ನಡಕ ಮೂಗಿನ ತುದಿಗಿಳಿಸಿಕೊಂಡು ಕೂತು, ಮೂರು ಸಲ ಅಳಿಸದೆ ಒಂದು ಗೆರೆಗೂ ಶಾಯಿ ಹಾಕದವಳು. ಅದಕ್ಕೇ ಆಫೀಸಿನಲ್ಲಿ ಅವಳನ್ನು ರಬ್ಬರಮ್ಮ ಎನ್ನುತ್ತಿದ್ದೆವು. ಅವಳು ತೀರಿಕೊಂಡು ಐದು ತಿಂಗಳಾಯಿತು.

ಅಧ್ಯಕ್ಷರು ನನ್ನ ಕೈಗೆ ಒಂದು ಚೀಟಿ ಕೊಟ್ಟಿದ್ದಾರೆ. ಹೊಸ ಕಲಾವಿದರೊಂದಿಗೆ ಮುಂದಿನ ತಿಂಗಳಿಂದ ಧಾರಾವಾಹಿ ಮುಂದುವರಿಯುತ್ತದೆ ಎಂದು ನಾನು ಈಗ ಪ್ರಕಟಿಸಬೇಕಂತೆ. ಮೊನ್ನೆಯವರೆಗೆ ನಾನೂ ಒಪ್ಪಿದ್ದೆ. ಆ ಮಾತಿಗೆ ಬರುತ್ತೇನೆ.

ನಮ್ಮಲ್ಲೊಂದು ಪದ್ಧತಿಯಿತ್ತು, ಅದು ನನ್ನದೇ ತಲೆಯಿಂದ ಬಂದದ್ದು. ಪ್ರತಿ ಸಂಚಿಕೆಯೊಳಗೆ ಒಂದು ಕಾರ್ಡು ಇರುತ್ತಿತ್ತು. ಮೆಚ್ಚಿದ ಪಾತ್ರದ ಹೆಸರು ಬರೆದು ಓದುಗರು ಕಳಿಸಬೇಕು. ಸೋಮವಾರ ನನ್ನ ಮೇಜಿನ ಮೇಲೆ ಒಂದೊಂದು ಪಾತ್ರಕ್ಕೆ ಒಂದೊಂದು ಕಟ್ಟು. ಯಾರ ಕಟ್ಟು ಸಣ್ಣದೋ ಅವರನ್ನು ನಾನು ಸಾಯಿಸುತ್ತಿದ್ದೆ. ಐದನೇ ವರ್ಷ ಅಜ್ಜಿಯ ಕಟ್ಟು ಸಣ್ಣದಾಯಿತು. ಅಜ್ಜಿ ಸಾಯುತ್ತಾಳೆಂದು ನಾನು ಬರೆದುಕೊಟ್ಟ ಹಾಳೆ ಓದಿ ರಬ್ಬರಮ್ಮ ನೇರ ನನ್ನ ಕೋಣೆಗೆ ಬಂದಳು. ಯಾವತ್ತೂ ಎದುರು ಮಾತಾಡದವಳು ಅಂದು ನಿಂತೇ ಮಾತಾಡಿದಳು.

“ಅಜ್ಜಿ ನಮ್ಮಮ್ಮ, ಸರ್. ಇಸ್ತ್ರಿ ಮಾಡೇ ನನ್ನ ಓದಿಸಿದ್ದು.”

ನಾನು ಏನೆಂದೆ ಗೊತ್ತೇ? “ನಿಮ್ಮಮ್ಮಂಗೆ ಬಂದಿರೋದು ಹನ್ನೊಂದೇ ಓಟು ಕಣಮ್ಮ.”

ಪಕ್ಕದಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಅವಳು ಹೋಗಿ ಅಜ್ಜಿಯ ಸಾವನ್ನು ಚಿತ್ರಿಸಿ ತಂದಳು. ಇಡೀ ಒಂಬತ್ತು ವರ್ಷದಲ್ಲಿ ಅವೇ ಅತ್ಯುತ್ತಮ ಪುಟಗಳು. ಅವಳ ತಾಯಿ ಆ ತಿಂಗಳೇ ತೀರಿಕೊಂಡರೆಂದು ನನಗೆ ಆಮೇಲೆ ತಿಳಿಯಿತು.

ಮರುವಾರದಿಂದ ಅಜ್ಜಿ ಚಿತ್ರಗಳ ಹಿಂಬದಿಯ ಗುಂಪಿನಲ್ಲಿ ಬಂದು ನಿಂತಳು. ಬಸ್‌ಸ್ಟಾಪಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಎಲ್ಲರ ಹಿಂದೆ, ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿದು. ನಾನು ಸಾಯಿಸಿದವರೆಲ್ಲ ಒಬ್ಬೊಬ್ಬರಾಗಿ ಅವಳ ಪಕ್ಕ ಬಂದು ಸೇರಿದರು. ಓದುಗರು ಇದನ್ನು ಮೊದಲು ಕಂಡುಹಿಡಿದರು. ಸತ್ತ ಅಜ್ಜಿಗೆ ರಾಶಿ ರಾಶಿ ಕಾರ್ಡು ಬರತೊಡಗಿತು. ನಾನು ಮಾತ್ರ ಗುಂಪನ್ನು ನೋಡುತ್ತಲೇ ಇರಲಿಲ್ಲ. ಪಾತ್ರಗಳ ಬಾಯಿಂದ ಹೊರಡುವ ಬಲೂನಿನೊಳಗೆ ನನ್ನ ಮಾತು ಸರಿಯಾಗಿದೆಯೇ ಎಂದು ನೋಡಿ ಸಹಿ ಹಾಕುತ್ತಿದ್ದೆ.

ಕಳೆದ ವರ್ಷ ಅವಳು ಎರಡು ವಾರ ರಜೆ ಕೇಳಿದಳು. ಯಾಕೆ ಎಂದು ನಾನು ಕೇಳಲಿಲ್ಲ. “ನಿನ್ನ ಪಾತ್ರಗಳನ್ನ ಕೇಳು, ಅವ್ರು ಬಿಟ್ರೆ ಹೋಗು” ಎಂದೆ. ಒಳ್ಳೆಯ ಮಾತು ಹೊಳೆಯಿತೆಂದು ನನಗೇ ಖುಷಿಯಾಗಿತ್ತು. ಅವಳು ಮರುದಿನವೂ ಕೆಲಸಕ್ಕೆ ಬಂದಳು. ಮಂಗಳವಾರ ಮಾತ್ರ ಮಧ್ಯಾಹ್ನದ ಮೇಲೆ ಬರುತ್ತಿದ್ದಳು. ಅದಕ್ಕೂ ನಾನು ಗೊಣಗಿದ್ದೇನೆ.

ಹೋದ ಭಾನುವಾರ, ಈ ಭಾಷಣಕ್ಕೆ ನಾಲ್ಕು ಒಳ್ಳೆಯ ಸಾಲು ಸಿಕ್ಕಾವೆಂದು ಹಳೆಯ ಕಾರ್ಡುಗಳ ಕಟ್ಟು ಬಿಚ್ಚಿದೆ. ಅಜ್ಜಿಯ ಕಟ್ಟಿನಲ್ಲಿ ಇದು ಸಿಕ್ಕಿತು. ಓದುತ್ತೇನೆ. “ಈ ವಾರದ ಕೊನೇ ಚಿತ್ರದಲ್ಲಿ ಇಸ್ತ್ರಿ ಅಜ್ಜಿ ಕೈ ಹಿಡ್ಕೊಂಡಿರೋ ಕನ್ನಡಕದ ಹೆಂಗಸು ನನಗೆ ಗೊತ್ತು. ಮಂಗಳವಾರ ಆಸ್ಪತ್ರೇಲಿ ನನ್ನ ಪಕ್ಕದ ಕುರ್ಚೀಲಿ ಕೂರ್ತಾರೆ. ಇಬ್ರಿಗೂ ಒಂದೇ ಔಷಧಿ. ಬದುಕಿರೋರನ್ನ ಸತ್ತೋರ ಜೊತೆ ಯಾಕೆ ನಿಲ್ಲಿಸಿದೀರಿ? ದಯವಿಟ್ಟು ತಿಳಿಸಿ.”

ಕಾರ್ಡಿನ ಮೂಲೆಯಲ್ಲಿ ನನ್ನ ಕೆಂಪು ಶಾಯಿಯ ಗುರುತಿದೆ: ಅಜ್ಜಿ, ಒಂದು ಓಟು. ತಾರೀಕೂ ಇದೆ. ಅವಳು ಇನ್ನೂ ಮೂರು ವಾರ ಬದುಕಿದ್ದಳು. ಆ ಮೂರು ವಾರವೂ ನನ್ನ ಕೋಣೆಯಿಂದ ಹತ್ತು ಹೆಜ್ಜೆ ದೂರದಲ್ಲಿ ಕೂತು ನನಗಾಗಿ ಪುಟ ತುಂಬಿಸುತ್ತಿದ್ದಳು. ನಾನು ಓದಿದ್ದೆ, ಸಭಿಕರೇ. ಓದಿ, ಎಣಿಸಿ, ಕಟ್ಟಿಗೆ ಸೇರಿಸಿದ್ದೆ.

ಅಧ್ಯಕ್ಷರೇ, ನಿಮ್ಮ ಚೀಟಿ ಇಗೋ ಇಲ್ಲಿದೆ, ಹಿಂದಕ್ಕೆ ತೆಗೆದುಕೊಳ್ಳಿ. ಅವಳು ನಿಲ್ಲಿಸಿದ ಪುಟವೇ ಕೊನೆಯ ಪುಟ. ಹೊಸಬರಿಗೆ ಬೇರೆ ಕಥೆ ಕೊಡಿ, ರಜೆಯನ್ನೂ ಕೊಡಿ. ಈ ಫಲಕವನ್ನು ನಾನು ಮನೆಗೆ ಒಯ್ಯಲಾರೆ.

ಕಾರ್ಡು ಬರೆದವರ ವಿಳಾಸಕ್ಕೆ ಸೋಮವಾರ ಹೋಗಿದ್ದೆ. ಬಾಗಿಲಿಗೆ ಬೀಗವಿತ್ತು. “ಅವ್ರು ತೀರ್ಕೊಂಡ್ರು” ಎಂದರು ಪಕ್ಕದ ಮನೆಯವರು. ತಿಳಿಸಿ ಎಂದು ಕೇಳಿದ್ದರಲ್ಲ, ಇಲ್ಲಿಂದಲೇ ತಿಳಿಸುತ್ತೇನೆ. ತಾಯೀ, ನಾವು ನಿಲ್ಲಿಸಲಿಲ್ಲ. ಅವಳೇ ಹೋಗಿ ನಿಂತುಕೊಂಡಳು. ಹೇಳಿ ಹೋಗೋಣವೆಂದರೆ ಕೇಳುವವರು ಯಾರೂ ಇರಲಿಲ್ಲ.

ಇಷ್ಟು ಹೊತ್ತು ಕೂತು ಕೇಳಿದಿರಿ, ನಿಮ್ಮ ಋಣ ದೊಡ್ಡದು. ನಿಮಗೂ, ಎಲ್ಲರ ಹಿಂದೆ ನಿಂತಿರುವವರಿಗೂ, ನಮಸ್ಕಾರ.