ಚಿತ್ರದಲ್ಲಿಲ್ಲದ ಹತ್ತು ನಿಮಿಷ

ಸಮುದಾಯ ಭವನದ ಅಧ್ಯಕ್ಷರಾದ ಫೆನ್‌ವಿಕ್ ಅವರೇ, ಇಂದು ಸನ್ಮಾನ ಸ್ವೀಕರಿಸಿದ ನಿರ್ದೇಶಕಿ ಇಲ್ಸಾ ಪೆನ್ನರ್ ಅವರೇ, ಚಿತ್ರ ನೋಡಿ ಇನ್ನೂ ಕಣ್ಣೊರೆಸಿಕೊಳ್ಳುತ್ತಿರುವ ಸಭಿಕರೇ,

ನಾನು ನೋರೀನ್. ತೆರೆಯ ಮೇಲಿನ ಆ ಚೆಲುವೆ ನಾನೇ ಎಂದರೆ ನೀವು ನಂಬಲಾರಿರಿ. ನನಗೂ ನಂಬಿಕೆ ಬರಲಿಲ್ಲ. ಅಷ್ಟೊಂದು ಹಲ್ಲುಗಳು ನನಗೆ ಎಂದೂ ಇರಲಿಲ್ಲ.

ಚಿತ್ರದ ನಾಯಕ, ನನ್ನ ಡೂಗಲ್‌ನ ಕಥೆ ಮಾತ್ರ ಬಹುಪಾಲು ನಿಜ. ನಮ್ಮ ವ್ಯಾಂಕೂವರ್ ಬಂದರಿನಲ್ಲಿ ಸರಕು ಇಳಿಸುತ್ತಿದ್ದವನು. ಬೆನ್ನು ಮುರಿಯಿತು, ನೋವಿನ ಮಾತ್ರೆ ಬಂತು. ಮಾತ್ರೆ ನಿಂತಾಗ ಹೆರಾಯಿನ್ ಬಂತು. ಅವನಿಗೆ ಸೂಜಿ ಹಿಡಿಯಲು ಕಲಿಸಿದವರು ಯಾರು? ಚಿತ್ರದಲ್ಲಿ ಒಬ್ಬ ಖಳನಾಯಕನಿದ್ದಾನೆ. ನಿಜದಲ್ಲಿ ಅಂಥವನು ಯಾರೂ ಇರಲಿಲ್ಲ. ಅವನು ಮೊದಲ ಸಲ ಚುಚ್ಚಿಕೊಂಡ ಕೋಣೆಯಲ್ಲಿ ಇದ್ದವರು ನಾವಿಬ್ಬರೇ.

ಪ್ರೀತಿ ಇತ್ತೆ? ಇತ್ತು. ನಾನು ನಡುಗುವಾಗ ತನ್ನ ಕಾಲುಚೀಲ ಬಿಚ್ಚಿ ನನಗೆ ತೊಡಿಸಿ, "ನೋರಿ, ಒಂದಿನ ನಾವೂ ಮನುಷ್ಯರ ಥರ ಬೆಳಗ್ಗೆ ಎದ್ದು ತಿಂಡಿ ತಿನ್ನೋಣ ಕಣೇ" ಎನ್ನುತ್ತಿದ್ದ.

ಒಂದು ಬೆಳಗ್ಗೆ ಅವನು ನೆಲಕ್ಕೆ ಕುಸಿದ. ತುಟಿ ನೀಲಿಗಟ್ಟಿತು. ಚಿತ್ರದಲ್ಲಿ ನಾನು ಮೆಟ್ಟಿಲು ಹಾರಿ ಫೋನಿಗೆ ಓಡುತ್ತೇನೆ. ಸಭಿಕರೇ, ನಾನು ಓಡಲಿಲ್ಲ. ಪೊಲೀಸರು ಬಂದಾರೆಂದು ಮೊದಲು ಉಳಿದ ಪುಡಿಯನ್ನು ಬಚ್ಚಿಟ್ಟೆ. ಅಲ್ಲ, ಇಲ್ಲಿ ನಿಂತು ಸುಳ್ಳು ಬೇಡ. ಬಚ್ಚಿಡಲಿಲ್ಲ, ನಾನೇ ಚುಚ್ಚಿಕೊಂಡೆ. ಆಮೇಲೆ ಕೂಗಿದೆ. ಅಷ್ಟರಲ್ಲಿ ಹತ್ತು ನಿಮಿಷ ಕಳೆದಿತ್ತು.

ತೆರೆಯ ಮೇಲೆ ಡೂಗಲ್ ಸತ್ತ. ನಿಜದಲ್ಲಿ ಬದುಕಿದ. ಆದರೆ ಮಿದುಳು ಅರ್ಧ ಆರಿಹೋಗಿತ್ತು. "ಯಾಕಮ್ಮಾ ಅವನನ್ನ ಸಾಯಿಸಿಬಿಟ್ರಿ?" ಎಂದು ಇಲ್ಸಾ ಅವರನ್ನು ಕೇಳಿದೆ.

"ಸತ್ರೆ ಜನ ಅತ್ತು ಮನೆಗೆ ಹೋಗ್ತಾರೆ ನೋರೀನ್. ಬದುಕಿದ್ರೆ ಏನ್ ಮಾಡ್ಬೇಕು ಅಂತ ಅವ್ರಿಗೆ ಗೊತ್ತಾಗಲ್ಲ."

ಒಪ್ಪತಕ್ಕ ಮಾತೇ. ನನಗೂ ಗೊತ್ತಾಗಿರಲಿಲ್ಲ. ಸೂಜಿ ಬಿಟ್ಟು ಹನ್ನೊಂದು ವರ್ಷವಾಯಿತು. ದಿನವೂ ಸಂಜೆ ಆರೈಕೆ ಮನೆಗೆ ಹೋಗಿ ಅವನಿಗೆ ಸೂಪು ಕುಡಿಸುತ್ತೇನೆ. "ನೀವು ಹೊಸ ನರ್ಸಾ?" ಎನ್ನುತ್ತಾನೆ. ದಿನವೂ ಅದೇ ಪ್ರಶ್ನೆ. ಹೌದೆನ್ನುತ್ತೇನೆ.

ಕಳೆದ ಚಳಿಗಾಲದಲ್ಲಿ ತಡೆಯಲಾರದೆ, ಯಾರದೋ ಕಥೆಯೆಂಬಂತೆ, ಆ ಬೆಳಗಿನದೆಲ್ಲವನ್ನೂ ಅವನಿಗೇ ಹೇಳಿಬಿಟ್ಟೆ. ಸೂಪಿನ ಚಮಚವನ್ನು ಕೈಯಿಂದ ಪಕ್ಕಕ್ಕೆ ಸರಿಸಿದ.

"ಅಯ್ಯೋ ಪಾಪ," ಎಂದ. "ಆ ಹುಡುಗಿ ಈಗ ಹೇಗಿದಾಳೆ?"

"ಇದಾಳೆ," ಎಂದೆ.

ಐದೂವರೆಗೆ ಅವನ ಊಟ. ನಾನು ಬಸ್ಸು ಹಿಡಿಯಬೇಕು. ಇಷ್ಟು ಹೊತ್ತು ಕೇಳಿಸಿಕೊಂಡ ನಿಮ್ಮೆಲ್ಲರ ಋಣ ದೊಡ್ಡದು. ನಮಸ್ಕಾರ.