ಹಿಂದಿನ ಖೋಲಿಗೆ ಎಳೆದ ವೈರು

ಕುರುಗೋಡಿನಿಂದ ಬಳ್ಳಾರಿಗೆ ಹೊರಟ ಬಸ್ಸು ಅದಿರಿನ ಲಾರಿಗಳ ಹಿಂದೆ ತೆವಳುತ್ತಿತ್ತು. ಕೆಂಧೂಳಿಗೆ ಸೆರಗನ್ನು ಮೂಗಿಗೆ ಒತ್ತಿಕೊಂಡು ಕೂತಿದ್ದ ಚನ್ನಬಸಮ್ಮನ ಕಿವಿಗೆ ಮುಂದಿನ ಸೀಟಿನ ಗಂಡಹೆಂಡಿರ ಮಾತು ಬಿತ್ತು.

"ಅಗ್ಗ ಅಂತ ಇಂಟರ್‌ನೆಟ್ ಕಂಪನಿ ಬದಲಿ ಮಾಡಿದ್ದ ತಪ್ಪಾತು, ಪರ್ವೀನ್. ನಾಳೆ ಹಳೇ ಕಂಪನಿಯವರನ್ನ ಕರೀತೀನಿ."

"ಯಾಕ್ರಿ, ನಡೀವಲ್ದೇನ್?"

"ನಡೀತೈತಿ. ನೀ ತವರಿಗೆ ಹೋಗಿದ್ದಿ. ವೈರಿನವಗ ಪಡಸಾಲ್ಯಾಗ ಹಾಕು ಅಂದು ನಾ ಅಂಗಡಿಗೆ ಹೋದೆ. ಬಂದು ನೋಡಿದ್ರ ಹಿಂದ ಖುಷ್ಬೂನ ಖೋಲಿಗೆ ಎಳದಾನ. ಯಾಕಪ್ಪಾ ಅಂದ್ರ, ನಿಮ್ಮ ಮಗಳು ಇಲ್ಲೇ ಬೇಕು ಅಂದ್ಳು ಅಂತಾನ."

ಪರ್ವೀನ್ ತಿರುಗಿ ಗಂಡನ ತೋಳು ಹಿಡಿದಳು. ಅವನು ಮುಂದುವರಿಸಿದ.

"ಆಕಿ ಲಾರಿಗೆ ಸಿಕ್ಕು ಸತ್ತು ವರ್ಷಾತು ಅಂತ ಅವಗ ಹೆಂಗ ಹೇಳ್ಲಿ? ಯಾವಾಗ್ಲೂ ಹಾಕ್ಕೊಳ್ಳೋ ಆ ಹಸರು ಓಡ್ನಿನ ಹಾಕ್ಕೊಂಡಿದ್ಲಂತ. ನನಗ ಆ ಮನ್ಯಾಗ ಮಲಗಾಕ ಆಗವಲ್ದು."

ಚನ್ನಬಸಮ್ಮ ಸೆರಗು ಸರಿಸಿ ಕಿವಿಗೊಟ್ಟಳು.

"ಮತ್ತೇನರ ಅಂದ್ಳಂತೇನ್ರಿ?" ಪರ್ವೀನ್ ಕೇಳಿದಳು.

"ಏನಿಲ್ಲ. ವೈರು ಹಾಕಿದ ಮ್ಯಾಲೆ ನಕ್ಳಂತ."

ಬಳ್ಳಾರಿಯ ಕೌಲ್‌ಬಜಾರ್ ಬಂತು. ಪರ್ವೀನ್ ಕಣ್ಣೊರೆಸಿಕೊಂಡು ಎದ್ದಳು.

"ಯಾರನ್ನೂ ಕರೀಬ್ಯಾಡ್ರಿ. ಆ ವೈರು ಅಲ್ಲೇ ಇರ್ಲಿ."

ಚನ್ನಬಸಮ್ಮ ಕಿಟಕಿಯಿಂದ ಬಗ್ಗಿ ನೋಡಿದಳು. ಪರ್ವೀನಳ ಗಂಡ ಚೀಲ ಹಿಡಿದು ಬಸ್ಸಿನ ಪಕ್ಕದಲ್ಲೇ ನಿಂತಿದ್ದ. ಪರ್ವೀನ್ ಅವನಿಗಾಗಿ ಕಾಯದೆ ಮನೆಯ ಕಡೆ ಓಡುತ್ತಿದ್ದಳು.